ಅನಾನಸಿನ ಕೇಕೂ ಅರ್ಧ ಗಂಟೆಯ ಗಣಿತವೂ

ನ್ಯೂ ಜೆರ್ಸಿಯ ಶಾಲೆಗೆ ಜೂನ್ ಕಡೆಯಲ್ಲಿ ರಜೆ ದೊರೆತೊಡನೆ ರಾಜಾಜಿನಗರದ ನಮ್ಮ ಮನೆಗೆ ಆಗಮಿಸಿದ ಮೊಮ್ಮಗಳು, ನನ್ನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಅನಾನಸಿನ ಕೇಕನ್ನು ಸ್ವಹಸ್ತದಿಂದಲೇ ಮಾಡುವೆನೆಂದು ಘೋಷಿಸಿದಾಗ, ಅಯ್ಯಂಗಾರ್ ಬೇಕರಿಯ ಹನಿ ಕೇಕಿನಲ್ಲಿಯೇ ಜನ್ಮಸಾರ್ಥಕ್ಯವನ್ನು ಕಂಡುಕೊಂಡಿದ್ದ ನಾನು ಕೊಂಚ ಅಧೀರನಾದೆನೆಂದು ಒಪ್ಪಿಕೊಳ್ಳಬೇಕು.

ಹಣ್ಣಿನ ಮೇಲೆ ಹೊಳಪಿಗೆಂದು ಸುರಿಯತಕ್ಕ ಜೆಲಾಟಿನ್ನಿನ ಪೊಟ್ಟಣವು ಸೂಟ್‌ಕೇಸಿನಿಂದ ಹೊರಬಂದಿತು. ಅದೇನೆಂದು ಅಜ್ಜಿ ಕೇಳಲಾಗಿ, ದನ ಹಂದಿಗಳ ತೊಗಲು ಎಲುಬುಗಳಿಂದ ತೆಗೆದದ್ದೆಂದು ಆ ಸತ್ಯಸಂಧೆ ಇಂಗ್ಲಿಷಿನಲ್ಲಿ ಉಸುರಿದಳು. ನನ್ನಾಕೆಗೆ ಆ ಭಾಷೆ ಅಗತ್ಯಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಪೊಟ್ಟಣವು ಕಾಂಪೌಂಡಿನಾಚೆಗೆ ಹೋಯಿತು, ಅಂಗಡಿಯಿಂದ ಚೈನಾ ಗ್ರಾಸ್ ಬಂದಿತು. ಹಸಿ ಅನಾನಸಿನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವವು ಜೆಲಾಟಿನ್ನನ್ನು ಕರಗಿಸಿ ನೀರಾಗಿಸುವುದೆಂದೂ, ಕಡಲ ಪಾಚಿಯ ಸಾರವಾದ ಚೈನಾ ಗ್ರಾಸ್ ಪ್ರೋಟೀನಲ್ಲವಾದುದರಿಂದ ಅದರ ತಂಟೆಗೆ ಬಾರದೆಂದೂ ನಾನು ವಿವರಿಸುತ್ತಿರುವಾಗಲೇ ಹೋಳುಗಳು ಸಕ್ಕರೆಯಲ್ಲಿ ಕುದಿಯತೊಡಗಿದ್ದವು.

“ಹಸೀದು ಹಾಕಿದ್ರೆ ಹಾಲು ಕಹಿಯಾಗುತ್ತೆ ಕಣೇ, ನಮ್ಮತ್ತೆ ಹೇಳ್ತಿದ್ರು.”

ಕಿಣ್ವದ ಹೆಸರನ್ನೇ ಕೇಳದೆ ಅದನ್ನು ಬೇಯಿಸಿ ಕೊಲ್ಲುತ್ತಿದ್ದ ನನ್ನ ತಾಯಿಯವರಿಗೆ ಮನಸ್ಸಿನಲ್ಲಿಯೇ ನಮಸ್ಕರಿಸಿದೆ.

ಅನರ್ಥ ಸಂಭವಿಸಿದ್ದು ಆಮೇಲೆ. ಬರೆದು ತಂದಿದ್ದ ವಿಧಾನದಲ್ಲಿ 350 ಡಿಗ್ರಿಯೆಂದಿತ್ತು. ನಮ್ಮ ಓವನ್ನಿನ ತಿರುಪು 250ಕ್ಕೇ ನಿಲ್ಲುತ್ತದೆ. ಮೂವತ್ತೆರಡು ವರ್ಷ ಭೌತಶಾಸ್ತ್ರ ಬೋಧಿಸಿ ನಿವೃತ್ತನಾದವನಿಗೆ ಇಂತಹ ಸುಯೋಗ ಮತ್ತೆ ಒದಗುವುದುಂಟೆ? ಫ್ಯಾರನ್‌ಹೀಟ್ ಮಹಾಶಯನಿಂದ ಆರಂಭಿಸಿ, 32ನ್ನು ಏಕೆ ಕಳೆಯಬೇಕೆಂಬುದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಸಹಿತ ನಿರೂಪಿಸಿ, ಉಳಿದ 318ನ್ನು 5ರಿಂದ ಗುಣಿಸಿ 9ರಿಂದ ಭಾಗಿಸಿ, ದಶಾಂಶದ ವಿಷಯದಲ್ಲಿಯೂ ಎರಡು ಮಾತು ಹೇಳಿ, 177 ಸೆಲ್ಸಿಯಸ್ ಎಂದು ಸಾರುವ ವೇಳೆಗೆ ಅರ್ಧ ಗಂಟೆ ಸಂದಿತ್ತು. ಮೊಟ್ಟೆಯಿಲ್ಲದ ಆ ಹಿಟ್ಟಿನಲ್ಲಿ ಮೊಸರೂ ಸೋಡಾವೂ ಕೂಡಿ ಎಬ್ಬಿಸಿದ್ದ ಗುಳ್ಳೆಗಳು ಒಂದೊಂದಾಗಿ ಒಡೆದು ಸದ್ಗತಿ ಪಡೆದಿದ್ದವು.

ಒಬ್ಬಟ್ಟಿನ ಹಿರಿಯಣ್ಣನಂತೆ ಚಪ್ಪಟೆಯಾಗಿ ಹೊರಬಂದ ಕೇಕಿನ ಮೇಲೆ ಅನಾನಸು ಮಾತ್ರ ದರ್ಬಾರಿನಲ್ಲಿದ್ದಂತೆ ಹೊಳೆಯುತ್ತಿತ್ತು. ಎಲ್ಲರೂ ತಿಂದೆವು, ನಾನು ಎರಡು ಸಲ.

ಮಿಕ್ಕ ಹಣ್ಣು ಸಂಜೆಗೆ ಗೊಜ್ಜಾಯಿತು. ಮೊಮ್ಮಗಳು ಪುಸ್ತಕ ಹಿಡಿದು ಒಲೆಯ ಬಳಿ ನಿಂತು, ಬೆಲ್ಲವೆಷ್ಟೆಂದು ಕೇಳಿದಳು.

“ಕೈಯಳತೆ,” ಎಂದಳು ಅಜ್ಜಿ.

“ತಾತ, ಕೈಯಳತೆ ಅಂದ್ರೆ ಎಷ್ಟು ಗ್ರಾಂ?”

ನನ್ನಾಕೆ ಸೌಟನ್ನು ಕೆಳಗಿಡದೆಯೇ ನನ್ನತ್ತ ತಿರುಗಿದಳು. ನಾನು ದಿನಪತ್ರಿಕೆಯನ್ನು ಎತ್ತಿಕೊಂಡೆ.