ಪುಣೆಯ ನಾಯಿಯ ಬಟ್ಟಲು

ಸಾಕುನಾಯಿಯ ಸಿದ್ಧ ಆಹಾರದಲ್ಲಿ ಎರಡು ಪಂಗಡ: ಚೀಲದ ಒಣ ಕಾಳು, ಪೊಟ್ಟಣದ ಗ್ರೇವಿ. ಕಾಳಿನಲ್ಲಿ ನೀರಿನಂಶ ಸುಮಾರು ಶೇ. 10, ಗ್ರೇವಿಯಲ್ಲಿ ಶೇ. 75ರಿಂದ 80. ಅಂದರೆ ಗ್ರೇವಿ ಕೊಳ್ಳುವವರು ಮುಕ್ಕಾಲು ಪಾಲು ನೀರನ್ನೇ ಹೊತ್ತು ತರುತ್ತಾರೆ. ಲೆಕ್ಕಾಚಾರಕ್ಕೆ ಹೆಸರಾದ ಪುಣೆಯ ಸದಾಶಿವ ಪೇಠೆ ಬಡಾವಣೆಗೆ ಇಷ್ಟು ಹೇಳಿದರೆ ಸಾಕು.

ಆದರೆ ಪುಣೆಯ ಹವೆಗೆ ತನ್ನದೇ ಅಭಿಪ್ರಾಯವಿದೆ. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿಯತ್ತ ಏರುವಾಗ, ನೀರು ಕುಡಿಯಲು ಸೋಮಾರಿಯಾದ ನಾಯಿಗೆ ಗ್ರೇವಿಯೇ ಹಿತ. ಹಲ್ಲು ಉದುರಿದ ಮುದಿನಾಯಿಗೂ ಅದೇ ಸುಲಭ. ತೊಂದರೆಯೆಂದರೆ, ಸೆಕೆಯಲ್ಲಿ ತೆರೆದಿಟ್ಟ ಗ್ರೇವಿ ಬೇಗ ಕೆಡುತ್ತದೆ. ಉಳಿದದ್ದು ಫ್ರಿಜ್ಜಿನಲ್ಲಿ ಶ್ರೀಖಂಡದ ಡಬ್ಬಿಯ ಪಕ್ಕ ಕೂರಬೇಕು. ಮನೆಯ ಹಿರಿಯರ ಆಕ್ಷೇಪಣೆ ಅಲ್ಲಿಂದ ಶುರು. ಮಳೆಗಾಲ ಬಂತೆಂದರೆ ಕಾಳಿನ ಪೇಚಾಟ: ಬಾಯಿ ಕಟ್ಟದ ಚೀಲ ತೇವ ಹೀರಿ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯೇ ಅದಕ್ಕೆ ಮದ್ದು. ಕಾಳು ತಿಂದರೆ ನಾಯಿಯ ಹಲ್ಲು ತಾನೇ ಸ್ವಚ್ಛವಾಗುತ್ತದೆ ಎಂಬ ನಂಬಿಕೆಯೊಂದಿದೆ; ಬಿಸ್ಕತ್ತು ತಿಂದವರು ಹಲ್ಲುಜ್ಜಬೇಕಿಲ್ಲ ಎಂದಂತೆ.

100 ಗ್ರಾಂ ಕಾಳಿನಲ್ಲಿ ಸುಮಾರು 350 ಕ್ಯಾಲೊರಿ, ಅಷ್ಟೇ ಗ್ರೇವಿಯಲ್ಲಿ 100ರ ಆಸುಪಾಸು. ಎರಡನ್ನೂ ಬೆರೆಸುವುದು ಜಾಣತನವೇ, ಆದರೆ ಒಂದನ್ನು ಹೆಚ್ಚಿಸಿದಾಗ ಇನ್ನೊಂದನ್ನು ಇಳಿಸಬೇಕು. ಇಲ್ಲವಾದರೆ ವೇತಾಳ ಟೇಕಡಿ ಗುಡ್ಡದ ಏರಿನಲ್ಲಿ ನಾಯಿಯನ್ನು ಎತ್ತಿಕೊಳ್ಳುವ ಪಾಳಿ ಯಜಮಾನರದು.

ಬಟ್ಟಲಲ್ಲಿ ಯಾವುದೇ ಇರಲಿ, ಪಕ್ಕದಲ್ಲಿ ಶುದ್ಧ ನೀರು ಇರಲೇಬೇಕು. ಮಿಸಳ್ ತಟ್ಟೆಯ ಈರುಳ್ಳಿ, ಬೆಳ್ಳುಳ್ಳಿ, ಹಾಗೆಯೇ ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಅದೆಷ್ಟೇ ದೀನವಾಗಿ ನೋಡಿದರೂ ಕೊಡಬಾರದು.