ತಂತಿ ಬೇಲಿಯ ಬಸಳೆ

“ಅಕ್ಕಾ, ಈ ಸಲ ನಿಮ್ಮ ಬಸಳೆಯೆಲ್ಲ ನಮ್ಮ ಕಡೆಗೇ ದಾಟಿ ಬಂದಿದೆ.”

“ಬರಲಿ ಬಿಡಿ ತಮ್ಮಾ, ಕೊಯ್ದುಕೊಳ್ಳಿ. ಎರಡು ಮನೆಗೂ ಸಾಕಾಗುವಷ್ಟಿದೆ.”

ಶಹಾಡ್‌ನ ನಮ್ಮ ಬಿಲ್ಡಿಂಗಿಗೂ ಪಕ್ಕದ ಬಿಲ್ಡಿಂಗಿಗೂ ನಡುವೆ ಇರುವುದು ಒಂದು ತಂತಿ ಬೇಲಿ. ಆಚೆಗೆ ಉಡುಪಿ ಕಡೆಯ ಅಕ್ಕ, ಈಚೆಗೆ ಕುಮಟೆಯ ನಾನು, ನಡುವೆ ಈ ಬಸಳೆ. ಬೇಲಿ ತೆಗೆದು ಆಳೆತ್ತರದ ಗೋಡೆ ಕಟ್ಟಬೇಕು, ಮಣ್ಣಿನ ಜಾಗಕ್ಕೆಲ್ಲ ಪೇವರ್ ಬ್ಲಾಕ್ ಹಾಸಬೇಕು ಎಂಬ ಮಾತು ಎರಡೂ ಸೊಸೈಟಿಗಳಲ್ಲಿ ಎದ್ದಿದೆ. ಅಕ್ಕನಿಗೆ ಅದೇ ಚಿಂತೆ.

“ಗೋಡೆ ಬಂದರೆ ಬಸಳೆ ಹೋಗುತ್ತದೆ, ಅದಿರಲಿ. ಮಳೆಯ ನೀರು ಎಲ್ಲಿಗೆ ಹೋಗಬೇಕು, ಹೇಳಿ?”

ಸರಿಯಾದ ಪ್ರಶ್ನೆ. ಕಲ್ಯಾಣ್ ಬಳಿಯ ಶಹಾಡ್ ಉಲ್ಹಾಸ್ ನದಿಯ ಮಗ್ಗುಲಿಗಿರುವ ಊರು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ ಸುರಿದಾಗ ನಮ್ಮ ಕಲ್ಯಾಣ್ ಭಾಗವೂ ಮುಳುಗಿತ್ತು. 2019ರ ಜುಲೈಯಲ್ಲಿ ಇದೇ ಉಲ್ಹಾಸ್ ಉಕ್ಕಿ ವಾಂಗಣಿ ಬಳಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ನಡುವೆ ನಿಂತುಬಿಟ್ಟಿತು. ಸಾವಿರಕ್ಕೂ ಹೆಚ್ಚು ಜನರನ್ನು ಪಾರು ಮಾಡಿ ತರಬೇಕಾಯಿತು. ಮಣ್ಣಿದ್ದರೆ ಒಂದಿಷ್ಟು ನೀರು ಕುಡಿಯುತ್ತದೆ. ಕಾಂಕ್ರೀಟ್ ಹಾಸಿದ ನೆಲ ಅಷ್ಟನ್ನೂ ಗಟಾರಕ್ಕೆ ತಳ್ಳುತ್ತದೆ, ಗಟಾರ ನದಿಗೆ.

ನಾನು ಅಕ್ಕನಿಗೆ ನವಿ ಮುಂಬಯಿಯ ಬೇಲಾಪುರದ ಮಾತು ಹೇಳಿದೆ. ಇಲ್ಲಿಂದ ಠಾಣೆಗೆ ಹೋಗಿ ಪನ್ವೆಲ್ ಗಾಡಿ ಹಿಡಿದರೆ ಸಿಗುವ ಊರು. ಅಲ್ಲಿ ಪಾರ್ಸಿಕ್ ಗುಡ್ಡದ ಬುಡದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ ಆರ್ಟಿಸ್ಟ್ ವಿಲೇಜ್ ಇದೆ. 1980ರ ದಶಕದಲ್ಲಿ ಸಿಡ್ಕೊ ಸಂಸ್ಥೆ ಕಟ್ಟಿಸಿದ್ದು. 7 ಮನೆ, ನಡುವೆ ಸುಮಾರು 8 ಮೀಟರ್ ಚೌಕದ ಒಂದು ಅಂಗಳ. ಅಂಥ 3 ಗುಂಪು ಸೇರಿದರೆ 21 ಮನೆ, ಅವಕ್ಕೆಲ್ಲ ಸೇರಿ ಇನ್ನೂ ದೊಡ್ಡ ಅಂಗಳ. ಒಂದು ಮನೆಯ ಗೋಡೆ ಇನ್ನೊಂದು ಮನೆಗೆ ತಾಗದ ಹಾಗೆ ಕಟ್ಟಿದ್ದು. ಕೈಯಲ್ಲಿ ಕಾಸು ಕೂಡಿದಂತೆ ಯಾರು ಬೇಕಾದರೂ ತಮ್ಮ ಮನೆ ಬೆಳೆಸಿಕೊಳ್ಳಲಿ ಎಂದು. ಹಾಗೇ ಎಷ್ಟೋ ಮನೆಗಳು ಇಂದು ಗುರುತು ಸಿಗದಷ್ಟು ಬದಲಾಗಿವೆ.

“ಇದು ನಮ್ಮ ಊರಿನ ಅಂಗಳವೇ ಅಲ್ಲವೋ!” ಎಂದರು ಅಕ್ಕ. “ಅಡಿಕೆ ಒಣಗಲಿಕ್ಕೂ ಅದೇ, ಮದುವೆ ಚಪ್ಪರಕ್ಕೂ ಅದೇ, ರಾತ್ರಿ ಯಕ್ಷಗಾನದ ಆಟ ಆಡಿಸಲಿಕ್ಕೂ ಅದೇ.”

ಅದೇ. ಮನೆ ಕಟ್ಟುವವನ ಜಾಣತನ ಗೋಡೆ ಎಬ್ಬಿಸುವುದಕ್ಕಿಂತ ಹೆಚ್ಚಾಗಿ ಜಾಗ ಬಿಡುವುದರಲ್ಲಿದೆ. ಬಿಟ್ಟ ಜಾಗದಲ್ಲಿ ಗಾಳಿ ಆಡುತ್ತದೆ, ನೀರು ಇಂಗುತ್ತದೆ, ಜನ ನಿಂತು ಮಾತಾಡುತ್ತಾರೆ.

ಜಾಗ ಬಿಟ್ಟರೆ ಸಾಕು, ಯಂತ್ರ ಬೇಡವೆಂದಲ್ಲ. ಆದರೆ ಅದು ನೀರಿನ ನಡೆ ತಿಳಿದಿರಬೇಕು. ನವಿ ಮುಂಬಯಿಯಲ್ಲಿ ಉಬ್ಬರದ ಮಟ್ಟಕ್ಕಿಂತ ತಗ್ಗಾದ ನೆಲ ಬಹಳ. ಅದಕ್ಕೇ ಅಲ್ಲಿ ಹೋಲ್ಡಿಂಗ್ ಪಾಂಡ್ ಎಂಬ ಕೆರೆಗಳನ್ನು ಮಾಡಿದ್ದಾರೆ. ಉಬ್ಬರ ಏರಿದಾಗ ಕೆರೆಯ ಬಾಗಿಲು ಮುಚ್ಚಿಕೊಂಡು ಸಮುದ್ರದ ನೀರನ್ನು ತಡೆಯುತ್ತದೆ, ಮಳೆಯ ನೀರು ಒಳಗೆ ಕಾಯುತ್ತದೆ. ಇಳಿತ ಶುರುವಾದೊಡನೆ ಬಾಗಿಲು ತೆರೆದು ನೀರು ಹೊರಗೆ ಹರಿಯುತ್ತದೆ. ಇದನ್ನು ಕಂಡಾಗ ನನಗೆ ನಮ್ಮ ಅಘನಾಶಿನಿ ನದಿಯ ಗಜನಿ ಗದ್ದೆ ನೆನಪಾಗುತ್ತದೆ. ಒಡ್ಡಿಗೆ ಮರದ ಬಾಗಿಲು ಇಟ್ಟು, ಉಬ್ಬರ ಇಳಿತ ನೋಡಿ ಅದನ್ನು ಹಾಕಿ ತೆಗೆದು, ಉಪ್ಪು ನೀರು ತಾಳುವ ಕಗ್ಗ ಭತ್ತವನ್ನು ಅಲ್ಲಿ ನಮ್ಮ ಹಿರಿಯರು ಬೆಳೆದರು. ಡಿಸೈನ್ ಎಂಬ ಮಾತು ಅವರಿಗೆ ಗೊತ್ತಿರಲಿಲ್ಲ, ನದಿ ಗೊತ್ತಿತ್ತು.

ಆದರೆ ಕೆರೆಯನ್ನೂ ನೋಡಿಕೊಳ್ಳಬೇಕು. ನವಿ ಮುಂಬಯಿಯ ಆ ಕೆರೆಗಳಲ್ಲಿ ಹೂಳು ತುಂಬಿದೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಬೆಳೆದಿದೆ. ಹೂಳು ತೆಗೆಯಬೇಕು, ಆ ಗಿಡಗಳನ್ನೂ ಉಳಿಸಬೇಕು. ಮಾಡಿ ಮುಗಿಸಿ ಮರೆತುಬಿಡುವ ಕೆಲಸವಲ್ಲ ಇದು. ಬಸಳೆಗೆ ಚಪ್ಪರ ಹಾಕಿದಂತೆ, ದಿನಾ ನೋಡಬೇಕು.

“ಹಾಗಾದರೆ ಸೊಸೈಟಿಯ ಮೀಟಿಂಗಿನಲ್ಲಿ ಏನು ಹೇಳುತ್ತೀರಿ?” ಅಕ್ಕ ಬಿಡಲಿಲ್ಲ.

ಇಷ್ಟೇ ಹೇಳುತ್ತೇನೆ. ಓಡಾಡುವ ದಾರಿಗಷ್ಟೇ ಬ್ಲಾಕ್ ಹಾಕಿ. ಮರದ ಬುಡದ ಸುತ್ತ ಒಂದು ಮೀಟರ್ ಮಣ್ಣು ಬಿಡಿ. ಟೆರೇಸಿನ ಮಳೆನೀರಿಗೆ ಒಂದು ಇಂಗುಗುಂಡಿ ತೋಡಿ. ಬೇಲಿ ಬೇಲಿಯಾಗಿಯೇ ಇರಲಿ. ಭದ್ರತೆ ಬೇಕಾದರೆ ತಂತಿ ಬಲಪಡಿಸೋಣ, ಖರ್ಚಿನಲ್ಲಿ ನನ್ನ ಪಾಲು ಕೊಡುತ್ತೇನೆ.

ನಿಮ್ಮ ಬಿಲ್ಡಿಂಗಿನಲ್ಲೂ ಈ ಮಾತು ಬಂದೀತು. ಕೈ ಎತ್ತುವ ಮೊದಲು ಒಮ್ಮೆ ಕೆಳಗಿಳಿದು, ಮಳೆಯ ನೀರು ಯಾವ ದಾರಿ ಹಿಡಿದಿದೆ ಎಂದು ನೋಡಿ ಬನ್ನಿ.