ಪ್ರಾಕ್ಸಿ ಹಾಕುವ ಫ್ರೇಮುಗಳು

2025ರ ಜನವರಿಯಲ್ಲಿ ಲಾಸ್ ವೇಗಾಸ್‌ನ ವೇದಿಕೆಯೊಂದರ ಮೇಲೆ ಮಿರಮಿರ ಮಿಂಚುವ ಚರ್ಮದ ಜಾಕೆಟ್ ತೊಟ್ಟು ನಿಂತ ಎನ್‌ವಿಡಿಯಾ ಮುಖ್ಯಸ್ಥ ಜೆನ್ಸನ್ ಹುವಾಂಗ್, ಆರ್‌ಟಿಎಕ್ಸ್ 5070 ಎಂಬ ಹೊಸ ಗ್ರಾಫಿಕ್ಸ್ ಕಾರ್ಡ್‌ನ ಬೆಲೆ 549 ಡಾಲರ್, ತಾಕತ್ತು 4090ರದ್ದು ಎಂದು ಸಾರಿದರು. 4090 ಅಂದರೆ 2022ರಲ್ಲಿ 1,599 ಡಾಲರ್‌ಗೆ ಬಂದಿಳಿದ ದೊಡ್ಡಣ್ಣ. ಸಭೆ ಚಪ್ಪಾಳೆ ತಟ್ಟಿತು. ಆ ದೊಡ್ಡಣ್ಣನ ಇಎಂಐ ಇನ್ನೂ ಕಟ್ಟುತ್ತಿದ್ದವರ ಮನೆಗಳಲ್ಲಿ ಅವತ್ತು ಒಲೆ ಹೊತ್ತಿರಲಿಕ್ಕಿಲ್ಲ.

ಈಗ ಎರಡನ್ನೂ ಪಕ್ಕಪಕ್ಕ ಇಡೋಣ. 4090ರ ಒಳಗೆ ದುಡಿಯುವ ಕೋರ್‌ಗಳು 16,384, 5070ರಲ್ಲಿ 6,144. ಅದರ ಮೆಮೊರಿ 24 ಜಿಬಿ, ಇದರದ್ದು 12. ಮೆಮೊರಿಯಿಂದ ಮಾಹಿತಿ ಹರಿಯುವ ವೇಗ ಅಲ್ಲಿ ಸೆಕೆಂಡಿಗೆ 1,008 ಜಿಬಿ, ಇಲ್ಲಿ 672. ಅದು 450 ವ್ಯಾಟ್ ಕುಡಿದರೆ ಇದಕ್ಕೆ 250 ಸಾಕು. ಪ್ರತಿ ಬಾಬ್ತಿನಲ್ಲೂ ಕಡಿಮೆ, ಕೊನೆಯ ಮೊತ್ತದಲ್ಲಿ ಮಾತ್ರ ಸರಿಸಮ. ಇಂಥ ಕೂಡುಲೆಕ್ಕವನ್ನು ಬಜೆಟ್ ಭಾಷಣ ಬಿಟ್ಟರೆ ಬೇರೆಲ್ಲೂ ಕಂಡಿದ್ದಿಲ್ಲ.

ಎಐ ಇಲ್ಲದೆ ಇದು ಆಗದ ಮಾತು ಎಂದು ಹುವಾಂಗ್ ಅವರೇ ಸೇರಿಸಿದ್ದರು. ಗುಟ್ಟಿರುವುದು ಡಿಎಲ್‌ಎಸ್‌ಎಸ್ 4 ಎಂಬ ತಂತ್ರಾಂಶದ ಜತೆ ಬಂದ ಮಲ್ಟಿ ಫ್ರೇಮ್ ಜನರೇಶನ್‌ನಲ್ಲಿ. ಕಾರ್ಡ್ ಬೆವರು ಸುರಿಸಿ, ಲೆಕ್ಕ ಹಾಕಿ ಬಿಡಿಸಿದ ಒಂದು ಫ್ರೇಮಿನ ಜತೆಗೆ ಎಐ ಊಹಿಸಿದ ಮೂರು ಫ್ರೇಮುಗಳನ್ನು ಸಾಲಿಗೆ ನಿಲ್ಲಿಸುವ ವಿದ್ಯೆ ಅದು. ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಇದು ಹೊಸದಲ್ಲ. ಕ್ಲಾಸಿಗೆ ಬಂದವನು ಒಬ್ಬ. ಮೇಷ್ಟ್ರು ಹಾಜರಿ ಕೂಗಿದಾಗ ದನಿ ಬದಲಿಸಿ ಬದಲಿಸಿ ‘ಎಸ್ ಸರ್’ ಅಂದದ್ದು ನಾಲ್ಕು ಹೆಸರಿಗೆ. ರಿಜಿಸ್ಟರ್ ಭರ್ತಿ. ಹಾಗಂತ 4090ಕ್ಕೆ ಈ ಚಟ ಇಲ್ಲವೆಂದಲ್ಲ. ಅದು ಹಳೇ ಬ್ಯಾಚು, ಒಂದಕ್ಕೆ ಒಂದೇ ಪ್ರಾಕ್ಸಿ ಹಾಕಲು ಬರುತ್ತದೆ. ಹೊಸಬ ಒಂದಕ್ಕೆ ಮೂರು ಹಾಕುತ್ತಾನೆ. ಆಮೇಲೆ ಇಬ್ಬರ ಹಾಜರಿಯನ್ನೂ ಎಣಿಸಿ, ‘ನೋಡಿ, ಇಬ್ಬರೂ ಒಂದೇ’ ಅನ್ನುತ್ತಾರೆ.

ಮೇಷ್ಟ್ರು ಪ್ರಶ್ನೆ ಕೇಳುವ ತನಕ ಎಲ್ಲ ಸುಸೂತ್ರ. ಶೂಟಿಂಗ್ ಆಟದಲ್ಲಿ ಪ್ರಶ್ನೆ ಕೇಳುವುದು ನಿಮ್ಮ ಮೌಸ್. ಎದುರಾಳಿ ಗೋಡೆಯ ಮರೆಯಿಂದ ಇಣುಕಿದ, ನೀವು ಗುಂಡಿ ಒತ್ತಿದಿರಿ. ಅದಕ್ಕೆ ಉತ್ತರ ಕೊಡಬಲ್ಲದ್ದು ಅಸಲಿ ಫ್ರೇಮು ಮಾತ್ರ. ನಡುವಿನ ಮೂರಕ್ಕೆ ನೀವು ಒತ್ತಿದ್ದೇ ಗೊತ್ತಿಲ್ಲ. ಸಾಲದ್ದಕ್ಕೆ, ಎರಡು ಅಸಲಿಗಳ ನಡುವೆ ನಕಲಿಗಳನ್ನು ತುಂಬಬೇಕಲ್ಲ, ಅದಕ್ಕಾಗಿ ಎರಡನೆಯ ಅಸಲಿ ಸಿದ್ಧವಾಗಿದ್ದರೂ ಅದನ್ನು ಬಾಗಿಲಲ್ಲೇ ತಡೆದು ನಿಲ್ಲಿಸಬೇಕು. ಪರದೆಯ ಮೂಲೆಯಲ್ಲಿ ಸೆಕೆಂಡಿಗೆ 120 ಫ್ರೇಮು ಎಂಬ ಅಂಕಿ ಕುಣಿಯುತ್ತಿರುತ್ತದೆ, ಕೈಗೆ ಸಿಗುವುದು 30ರ ಜಡ. ಅಷ್ಟರಲ್ಲಿ ನೀವು ಸತ್ತಿರುತ್ತೀರಿ. ಬಹಳ ನುಣುಪಾಗಿ ಸತ್ತಿರುತ್ತೀರಿ.

ಅಸಲಿ ಫ್ರೇಮುಗಳೇ ಅರವತ್ತು ಎಪ್ಪತ್ತು ಬರುತ್ತಿದ್ದು, ಮನೆಯಲ್ಲಿ 240 ಹರ್ಟ್ಜ್ ಮಾನಿಟರ್ ಇದ್ದವರಿಗೆ ಈ ವಿದ್ಯೆಯಿಂದ ಕಣ್ಣಿಗೆ ಹಿತವೇ ಆಗುತ್ತದೆ. ತಕರಾರು ವಿದ್ಯೆಯ ಮೇಲಲ್ಲ, ಅದನ್ನು ಮಾರ್ಕ್ಸ್ ಕಾರ್ಡಿಗೆ ಸೇರಿಸಿದ್ದರ ಮೇಲೆ. ಪ್ರಾಕ್ಸಿಗಳನ್ನು ಹೊರಗೆ ಕಳಿಸಿ ಪರೀಕ್ಷೆ ಮಾಡಿದವರ ಕೈಯಲ್ಲಿ 5070 ಹೋಗಿ ನಿಂತದ್ದು ಹಿಂದಿನ ವರ್ಷದ 4070 ಸೂಪರ್‌ನ ಆಸುಪಾಸಿನಲ್ಲಿ. ದೊಡ್ಡಣ್ಣ ಇನ್ನೂ ಬಹುದೂರ ಮುಂದಿದ್ದ.

ಅಂಕ ಉಬ್ಬಿಸುವ ಈ ಕಸುಬಿಗೆ ಒಳ್ಳೆಯ ವಂಶಾವಳಿ ಇದೆ. 2003ರಲ್ಲಿ ಎರಡು ಕಾರ್ಡುಗಳ ಜಗಳ ಬಗೆಹರಿಸುವ ಪಂಚಾಯಿತಿಕಟ್ಟೆ ಅಂದರೆ ಫಿನ್ಲೆಂಡಿನ ಫ್ಯೂಚರ್‌ಮಾರ್ಕ್ ಕಂಪನಿಯ ತ್ರೀಡಿಮಾರ್ಕ್ 03. ಅದರ ಪರೀಕ್ಷೆಯಲ್ಲಿ ಕ್ಯಾಮೆರಾ ಪ್ರತಿ ಸಲವೂ ಗೊತ್ತುಮಾಡಿದ ಒಂದೇ ದಾರಿಯಲ್ಲಿ ಸಾಗುತ್ತಿತ್ತು. ಎನ್‌ವಿಡಿಯಾದಲ್ಲಿ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಬರೆಯುವವರಿಗೆ ಆ ದಾರಿ ಬಾಯಿಪಾಠ. ಕ್ಯಾಮೆರಾ ಯಾವ ಗಳಿಗೆಯಲ್ಲಿ ಯಾವ ಕಡೆ ನೋಡುವುದಿಲ್ಲವೋ ಆ ಕಡೆ ಕೈಯಾಡಿಸಲೇ ಬೇಡ ಎಂದು ಡ್ರೈವರ್‌ಗೆ ಮೊದಲೇ ಹೇಳಿಕೊಟ್ಟರು. ಕೆಲಸ ಉಳಿಯಿತು, ಅಂಕ ಏರಿತು. ಮಾಮೂಲಿ ಪ್ರತಿಯಲ್ಲಿ ಇದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಕ್ಯಾಮೆರಾವನ್ನು ಬೇಕಾದತ್ತ ತಿರುಗಿಸಬಲ್ಲ ಡೆವಲಪರ್ ಪ್ರತಿ ಕೆಲವರ ಬಳಿ ಇತ್ತು. ಅವರು ದಾರಿ ಬಿಟ್ಟು ಒಂದಿಷ್ಟು ಪಕ್ಕಕ್ಕೆ ತಿರುಗಿಸಿ ನೋಡುತ್ತಾರೆ, ಆಕಾಶವೆಲ್ಲ ಚಿಂದಿಚಿಂದಿ!

ಮೇ ತಿಂಗಳಲ್ಲಿ ಫ್ಯೂಚರ್‌ಮಾರ್ಕ್ ಈ ಕಳ್ಳದಾರಿ ಮುಚ್ಚುವ ಒಂದು ಪ್ಯಾಚ್ ಬಿಟ್ಟಿತು. ಫ್ಯೂಚರ್‌ಮಾರ್ಕ್‌ನವರ ಲೆಕ್ಕದಲ್ಲಿ ಎನ್‌ವಿಡಿಯಾದ ಜಿಫೋರ್ಸ್ ಎಫ್‌ಎಕ್ಸ್ 5900 ಅಲ್ಟ್ರಾದ ಅಂಕ ಶೇ. 24.1ರಷ್ಟು ಜಾರಿತು. ಎದುರಾಳಿ ಎಟಿಐನ ರೇಡಿಯಾನ್ 9800 ಪ್ರೋ ಕೂಡ ಶೇ. 1.9ರಷ್ಟು ಇಳಿಯಿತು, ಕೈಗೆ ಮಸಿ ಅವರಿಗೂ ತಾಗಿತ್ತು, ಬೆರಳ ತುದಿಗೆ ಮಾತ್ರ. ಎಟಿಐನವರು ಒಪ್ಪಿಕೊಂಡು ತೆಗೆದುಬಿಡುತ್ತೇವೆ ಅಂದರು. ಎನ್‌ವಿಡಿಯಾ ಕತೆ ಬೇರೆ, ನನಗೆ ಬಲು ಪ್ರಿಯವಾದದ್ದು ಅದೇ. ಮೇ ತಿಂಗಳಲ್ಲಿ ಫ್ಯೂಚರ್‌ಮಾರ್ಕ್ ಇದನ್ನು ಮೋಸ ಎಂದಿತ್ತು. ಜೂನ್‌ನಲ್ಲಿ ಫ್ಯೂಚರ್‌ಮಾರ್ಕ್ ಮತ್ತು ಎನ್‌ವಿಡಿಯಾ ಸೇರಿ ಜಂಟಿ ಹೇಳಿಕೆ ಕೊಟ್ಟವು: ಇದು ಮೋಸವಲ್ಲ, ನಿರ್ದಿಷ್ಟ ತಂತ್ರಾಂಶಕ್ಕೆಂದು ಮಾಡಿದ ಆಪ್ಟಿಮೈಸೇಶನ್! ಬ್ಲೂಟೂತ್ ಬಚ್ಚಿಟ್ಟುಕೊಂಡು ಪಿಎಸ್‌ಐ ಪರೀಕ್ಷೆ ಬರೆದು ಸಿಕ್ಕಿಬಿದ್ದ ನಮ್ಮವರ ವಕೀಲರಿಗೆ ಈ ಪಾಯಿಂಟ್ ಹೊಳೆಯಲಿಲ್ಲವಲ್ಲ ಎಂದು ಮರುಕವಾಗುತ್ತದೆ.

ಎಟಿಐ ಸಾಚಾ ಎಂದು ಹಾರ ಹಾಕಲು ಹೊರಡಬೇಡಿ. ಅದಕ್ಕೂ ಎರಡು ವರ್ಷ ಮೊದಲು, 2001ರಲ್ಲಿ, ರೇಡಿಯಾನ್ 8500ರ ಡ್ರೈವರ್ ಕ್ವೇಕ್ 3 ಆಟದ ಹೆಸರು ಕಂಡ ಕೂಡಲೇ ಚಿತ್ರದ ಗುಣಮಟ್ಟ ಕೆಡಿಸಿ ಓಟ ಹೆಚ್ಚಿಸುತ್ತಿತ್ತು. ಅನುಮಾನ ಬಂದವರು ‘ಕ್ವೇಕ್’ ಎಂದಿದ್ದಲ್ಲಿ ‘ಕ್ವ್ಯಾಕ್’ ಎಂದು ತಿದ್ದಿದರು, ಅಷ್ಟೇ. ಆಟ ಅದೇ, ಕಾರ್ಡ್ ಅದೇ. ಚಿತ್ರ ಚೆಂದವಾಯಿತು, ವೇಗ ಬಿತ್ತು.

ಈಚೆಗೆ ಇಷ್ಟೆಲ್ಲ ಕಷ್ಟಪಡುವ ಕಾಲವಲ್ಲ. ಎರಡು ಬೇರೆ ಕಾರ್ಡುಗಳಿಗೆ ಒಂದೇ ಹೆಸರಿಟ್ಟರೆ ಹೋಲಿಕೆಯ ಪ್ರಶ್ನೆಯೇ ಏಳುವುದಿಲ್ಲ. 2017ರಲ್ಲಿ ಬಂದ ಜಿಟಿ 1030, ಬಡವರ ಕಾರ್ಡ್; ಅದರ ಜಿಡಿಡಿಆರ್5 ಮೆಮೊರಿಯ ವೇಗ ಸೆಕೆಂಡಿಗೆ 48 ಜಿಬಿ. ಮರುವರ್ಷ ಅದೇ ಹೆಸರಲ್ಲಿ ಡಿಡಿಆರ್4 ಮೆಮೊರಿಯ ಇನ್ನೊಂದು ಬಂತು, ವೇಗ 16.8 ಜಿಬಿ. ಡಬ್ಬಿಯ ಮೇಲೆ ಜಿಟಿ 1030 ಅನ್ನುವುದು ಹೆಬ್ಬೆರಳ ಗಾತ್ರ, ಡಿಡಿಆರ್4 ಅನ್ನುವುದು ಇರುವೆ ಗಾತ್ರ. 2025ರ 5060 ಟಿಐ 8 ಜಿಬಿ ಮತ್ತು 16 ಜಿಬಿ ಎಂಬ ಎರಡು ರೂಪದಲ್ಲಿ ಒಂದೇ ಹೆಸರಿನಿಂದ ಬಂತು. ಎದುರಾಳಿ ಎಎಮ್‌ಡಿಯ 9060 ಎಕ್ಸ್‌ಟಿಯೂ ಹಾಗೆಯೇ. ಈ ಒಂದು ವಿಷಯದಲ್ಲಿ ಎರಡೂ ಕಂಪನಿಗಳ ಸಾಧನೆ ನಿಜಕ್ಕೂ ಸರಿಸಮ.

2025ರ ಮೇ ತಿಂಗಳಲ್ಲಿ 5060 ಬಿಡುಗಡೆಯಾದಾಗ ಎನ್‌ವಿಡಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮಾರಾಟಕ್ಕೆ ಮುಂಚೆ ವಿಮರ್ಶಕರಿಗೆ ಕೊಡುವ ಡ್ರೈವರ್ ಅನ್ನು ಬಹುತೇಕರಿಗೆ ಕೊಡಲೇ ಇಲ್ಲ. ಆಯ್ದ ಕೆಲವರಿಗೆ ಕೊಟ್ಟಿತು, ಆಡಬೇಕಾದ ಆಟಗಳನ್ನೂ ಸೆಟ್ಟಿಂಗುಗಳನ್ನೂ ತಾನೇ ಗೊತ್ತುಮಾಡಿತು. ಪ್ರಶ್ನೆಪತ್ರಿಕೆ ಲೀಕ್ ಮಾಡುವ ತಾಪತ್ರಯವೇ ಬೇಡ, ಪ್ರಶ್ನೆ ತೆಗೆಯುವವರೂ ನಾವೇ.

ಬೆಂಗಳೂರಿನ ಎಸ್‌ಪಿ ರೋಡ್‌ನ ಕಂಪ್ಯೂಟರ್ ಅಂಗಡಿಯವರಿಗೆ ಈ ಪುರಾಣ ಕೇಳುವ ಪುರಸೊತ್ತಿಲ್ಲ. ಗಾಜಿನ ಕೌಂಟರ್ ಮುಂದೆ ಕಾಲೇಜು ಹುಡುಗನೊಬ್ಬ ಮೊಬೈಲ್ ಚಾಚಿ, ಗ್ರಾಫಿನಲ್ಲಿ ಒಂದರ ಪಕ್ಕ ಒಂದು ನಿಂತ ಹಸಿರು ಕಂಬಗಳನ್ನು ತೋರಿಸಿ ಕೇಳುತ್ತಿದ್ದ.

“ಅಣ್ಣಾ, ಎರಡರಲ್ಲಿ ಯಾವ್ದು ಫಾಸ್ಟು?”

“ಏನ್ ಗೇಮ್ ಆಡ್ತೀಯಪ್ಪಾ?”

“ವ್ಯಾಲೊರಂಟ್.”

“ಮಾನಿಟರ್ ಯಾವ್ದಿದೆ?”

“ಅರವತ್ತು ಹರ್ಟ್ಜ್‌ದು ಅಣ್ಣಾ.”

“ಹಂಗಾದ್ರೆ ಇವೆರಡೂ ಬೇಡ, ಮೊದ್ಲು ಒಂದು ಒಳ್ಳೆ ಮಾನಿಟರ್ ತಗೋ ಹೋಗು. ಎದುರುಗಡೆ ಅಂಗಡಿ. ನಮ್ ತಮ್ಮಂದೇ.”